ಚೈನ್‌ಸಾ ಓರೆಯಾಗಿ ಕೊಯ್ಯುತ್ತಿದ್ದರೆ: ಮರ ಉರುಳಿಸುವ ಮೊದಲು ದೋಷ ಹುಡುಕುವ ಬಗೆ

ದಿಮ್ಮಿಯ ಮೇಲೆ ಬಾರನ್ನು, ಅಂದರೆ ಚೈನ್ ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿಯನ್ನು, ನೇರವಾಗಿಯೇ ಇಟ್ಟಿರುತ್ತೀರಿ. ಮೊದಲ ನಾಲ್ಕು ಬೆರಳಿನಷ್ಟು ಕೊಯ್ತ ನೆಟ್ಟಗೆ ಇಳಿಯುತ್ತದೆ. ಆಮೇಲೆ ಗರಗಸ ಒಂದು ಮಗ್ಗುಲಿಗೆ ಸರಿಯತೊಡಗುತ್ತದೆ. ಹಿಡಿಕೆಯನ್ನು ತಿರುಚಿ ದಾರಿಗೆ ತರಲು ನೋಡಿದರೆ ಬಾರ್ ಕೊಯ್ತದೊಳಗೆ ಬಿಗಿಯುತ್ತದೆ, ಎಂಜಿನ್ ಮುಕ್ಕಿರಿಯುತ್ತದೆ, ಮರ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಕೊನೆಗೆ ತುಂಡು ಕಳಚಿ ಬಿದ್ದಾಗ ಅದರ ಒಂದು ಮುಖ ತಟ್ಟೆಯಂತೆ ಕುಳಿಬಿದ್ದಿರುತ್ತದೆ, ಎದುರಿನ ಮುಖ ಉಬ್ಬಿರುತ್ತದೆ.

ಸೌದೆ ಕೊಯ್ಯುವವರು ಇದನ್ನು ಸಹಿಸಿಕೊಂಡು ದಿನ ದೂಡುವುದನ್ನು ನೋಡಿದ್ದೇನೆ. ನಿಂತ ಮರವನ್ನು ಉರುಳಿಸುವವರು ಮಾತ್ರ ಒಂದು ದಿನವೂ ಸಹಿಸಿಕೊಳ್ಳಬಾರದು. ಓರೆ ಕೊಯ್ಯುವ ಗರಗಸ ಎಂದರೆ ದಿಕ್ಕು ತಪ್ಪಿ ಬೀಳುವ ಮರ ಎಂದೇ ನಾನು ಲೆಕ್ಕ ಹಾಕುತ್ತೇನೆ. ಅದಕ್ಕೆ ಕಾರಣವಿದೆ.

ನಿಂತ ಮರದಲ್ಲಿ ಈ ದೋಷ ಏನು ಮಾಡುತ್ತದೆ

ಮರ ಯಾವ ಕಡೆಗೆ ಬೀಳಬೇಕೋ ಆ ಕಡೆಯಲ್ಲಿ ಮೊದಲು ಬೆಣೆಯಾಕಾರದ ಕಚ್ಚು ಹೊಡೆಯುತ್ತೇವೆ. ಅನಂತರ ಹಿಂದಿನಿಂದ ಅಡ್ಡಕೊಯ್ತ ಹಾಕುತ್ತೇವೆ. ಎರಡರ ನಡುವೆ ಕೊಯ್ಯದೆ ಉಳಿಸಿದ ಪಟ್ಟಿ ಬಾಗಿಲಿನ ಬಿಜಾಗರದಂತೆ ಕೆಲಸ ಮಾಡಿ, ಮರವನ್ನು ಹಿಡಿದುಕೊಂಡೇ ಕೆಳಗಿಳಿಸುತ್ತದೆ. ಈ ಪಟ್ಟಿಯನ್ನು ಇಲ್ಲಿ ಕೀಲು ಎಂದು ಕರೆಯುತ್ತೇನೆ. ಸಾಮಾನ್ಯವಾಗಿ ಕೀಲಿನ ದಪ್ಪ ಮರದ ಅಡ್ಡಳತೆಯ ಹತ್ತನೆಯ ಒಂದು ಭಾಗ ಇರಬೇಕು: 50 ಸೆಂಟಿಮೀಟರ್ ಮರಕ್ಕೆ 5 ಸೆಂಟಿಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಆ ದಪ್ಪ ಒಂದೇ ಸಮನಾಗಿರಬೇಕು.

ನೆಲದ ಮೇಲಿನ ದಿಮ್ಮಿಯನ್ನು ಕೊಯ್ಯುವಾಗ ಬಾರ್ ಅಂಚಿನ ಮೇಲೆ ನಿಂತಿರುತ್ತದೆ, ನಿಂತ ಮರವನ್ನು ಕೊಯ್ಯುವಾಗ ಮಲಗಿರುತ್ತದೆ. ಹಾಗಾಗಿ ದಿಮ್ಮಿಯಲ್ಲಿ ಎಡಕ್ಕೋ ಬಲಕ್ಕೋ ಸರಿಯುತ್ತಿದ್ದ ಗರಗಸ ಮರದಲ್ಲಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಹಿಂದಿನ ಕೊಯ್ತ ಇಳಿದು ಕಚ್ಚಿನ ಮೂಲೆಗಿಂತ ಕೆಳಗೆ ಹೋದರೆ, ಬುಡ ಹಿಂದಕ್ಕೆ ಜಾರದಂತೆ ತಡೆಯುವ ಮೆಟ್ಟಿಲೇ ಇಲ್ಲದಂತಾಗುತ್ತದೆ. ತೀರಾ ಮೇಲಕ್ಕೆ ಹೋದರೆ ಕೀಲು ಉದ್ದವಾಗಿ ಬಿರುಸಾಗುತ್ತದೆ, ಮರ ಬಾಗದೆ ಮೊಂಡುಹಿಡಿಯುತ್ತದೆ.

ಇವೆರಡಕ್ಕಿಂತ ಕೆಟ್ಟದ್ದು ಕಚ್ಚಿನಲ್ಲೇ ನಡೆಯುತ್ತದೆ. ಕಚ್ಚಿನ ಓರೆ ಕೊಯ್ತ ಮತ್ತು ಅಡಿ ಕೊಯ್ತ ಒಂದೇ ಗೆರೆಯಲ್ಲಿ ಕೂಡಬೇಕು. ಗರಗಸ ಬಾಗಿದರೆ ಅವು ಕೂಡುವುದಿಲ್ಲ, ನಡುವಿನ ತುಂಡು ಉದುರುವುದಿಲ್ಲ. ಉದುರಲಿಲ್ಲವೆಂದು ಇನ್ನಷ್ಟು ಒಳಕ್ಕೆ ಕೊಯ್ಯುತ್ತೇವೆ. ಆ ಹೆಚ್ಚಿನ ಕೊಯ್ತ ನುಗ್ಗುವುದು ಮುಂದೆ ಕೀಲಾಗಬೇಕಾದ ಮರದೊಳಕ್ಕೆ.

ನನಗೆ ಹೀಗೇ ಆಗಿತ್ತು. ಸುಮಾರು 45 ಸೆಂಟಿಮೀಟರ್ ದಪ್ಪದ, ನೆಟ್ಟಗೆ ಬೆಳೆದ ಮರ. ಬೆಳಗ್ಗಿನಿಂದ ಗರಗಸ ಬಲಕ್ಕೆ ಸರಿಯುತ್ತಿರುವುದು ಗೊತ್ತಿತ್ತು, ಸಂಜೆಗೆ ನೋಡೋಣ ಎಂದುಕೊಂಡಿದ್ದೆ. ಕಚ್ಚಿನ ತುಂಡು ನನ್ನ ಎದುರಿನ ಬದಿಯಲ್ಲಿ ಅಂಟಿಕೊಂಡಿತು, ಬಾರಿನ ಮೂತಿಯಿಂದ ಇನ್ನೆರಡು ಬೆರಳು ಒಳಕ್ಕೆ ಒತ್ತಿದೆ. ತುಂಡು ಉದುರಿತು. ಹಿಂದಿನ ಕೊಯ್ತ ಮುಗಿಯುತ್ತ ಬಂದಾಗ ಆ ಬದಿಯ ಕೀಲು ಮೊದಲೇ ಹರಿಯಿತು. ಮರ ದಪ್ಪ ಕೀಲು ಉಳಿದಿದ್ದ ಬದಿಗೆ, ಅಂದರೆ ನನ್ನ ಕಡೆಗೆ ತಿರುಗುತ್ತ ಬಿತ್ತು. ಹಿಂದಕ್ಕೆ ಓರೆಯಾಗಿ ಹೋಗುವ ದಾರಿಯನ್ನು ಮೊದಲೇ ಸವರಿ ಇಟ್ಟಿದ್ದರಿಂದ ಪಾರಾದೆ. ಜೊತೆಯವರು ಮರದ ಎತ್ತರಕ್ಕಿಂತ ಎರಡು ಪಟ್ಟು ದೂರದಲ್ಲಿದ್ದುದರಿಂದ ಅವರಿಗೆ ಏನೂ ಆಗಲಿಲ್ಲ. ಬೊಡ್ಡೆಯ ಮೇಲೆ ಉಳಿದಿದ್ದ ಕೀಲನ್ನು ಅಳೆದು ನೋಡಿದೆ: ಒಂದು ತುದಿಯಲ್ಲಿ 5 ಸೆಂಟಿಮೀಟರ್, ಇನ್ನೊಂದು ತುದಿಯಲ್ಲಿ 2 ಕೂಡ ಇರಲಿಲ್ಲ. ಅಂದಿನಿಂದ ಈ ದೋಷವನ್ನು ಸಂಜೆಗೆ ಮುಂದೂಡಿಲ್ಲ.

ಮೊದಲ ಪರೀಕ್ಷೆ: ತಪ್ಪು ಚೈನಿನದೋ ಬಾರಿನದೋ

ಓರೆ ಕೊಯ್ತ ಕಂಡ ಕೂಡಲೇ ಹೊಸ ಚೈನ್ ಹಾಕುವವರು ಹೆಚ್ಚು. ತಪ್ಪು ಬಾರಿನದಾಗಿದ್ದರೆ ಹೊಸ ಚೈನ್ ಕೂಡ ಕೆಲವೇ ದಿನಗಳಲ್ಲಿ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಖರ್ಚು ಮಾಡುವ ಮೊದಲು ಎರಡು ಕೊಯ್ತಗಳ ಪರೀಕ್ಷೆ ಮಾಡಿ.

ಅಲುಗದಂತೆ ಆನಿಸಿದ ಒಂದು ದಿಮ್ಮಿ ಬೇಕು. ಅದರ ದಪ್ಪ ಬಾರಿನ ಉದ್ದದ ಮೂರರಲ್ಲಿ ಎರಡು ಭಾಗವಾದರೂ ಇರಲಿ, ಸಣ್ಣ ಕೊಂಬೆಯಲ್ಲಿ ಬಾಗು ಗೊತ್ತಾಗುವುದೇ ಇಲ್ಲ. ಗಂಟಿಲ್ಲದ ಜಾಗ ಆರಿಸಿ. ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು, ಗರಗಸದ ಭಾರಕ್ಕೆ ಅದನ್ನು ಇಳಿಯಲು ಬಿಡಿ. ಒತ್ತಬೇಡಿ, ತಿರುಚಬೇಡಿ. ಅದು ಹೋಗಬೇಕೆಂದ ಕಡೆಗೆ ಹೋಗಲಿ, ಅದನ್ನು ತಿಳಿಯುವುದೇ ನಮ್ಮ ಉದ್ದೇಶ.

ಬಾಗನ್ನು ಅಳೆಯುವಾಗ ಒಂದು ತಪ್ಪು ಸಾಮಾನ್ಯ. ಒಂದು ಬಿಲ್ಲೆ ಕೊಯ್ದು ಅದರ ದಪ್ಪವನ್ನು ಮೇಲೆ ಕೆಳಗೆ ಅಳೆದು, ಒಂದೇ ಇದೆ ಎಂದು ಸಮಾಧಾನಪಡುತ್ತಾರೆ. ಬಿಲ್ಲೆಯ ಎರಡೂ ಮುಖಗಳನ್ನು ಕೊಯ್ದದ್ದು ಅದೇ ಗರಗಸ. ಎರಡೂ ಒಂದೇ ರೀತಿ ಬಾಗಿರುವಾಗ ದಪ್ಪ ಒಂದೇ ಇರಲೇಬೇಕು. ದಪ್ಪವನ್ನು ಬಿಟ್ಟು, ಕೊಯ್ದ ಮುಖದ ಮೇಲೆ ಒಂದು ಉಕ್ಕಿನ ಅಳತೆಪಟ್ಟಿಯನ್ನು ಕೊಯ್ತ ಇಳಿದ ದಿಕ್ಕಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ. ಪಟ್ಟಿಯ ಕೆಳಗೆ ಬೆಳಕು ಕಂಡರೆ ಅಷ್ಟೇ ಬಾಗು.

ಈಗ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಳಚಿ. ಬ್ಯಾಟರಿ ಗರಗಸವಾದರೆ ಬ್ಯಾಟರಿಯನ್ನೇ ಹೊರತೆಗೆಯಿರಿ. ಕೈಗವಸು ಹಾಕಿಕೊಂಡು ಬಾರನ್ನು ಬಿಚ್ಚಿ, ಮೇಲಿನ ಅಂಚು ಕೆಳಗೆ ಬರುವಂತೆ ಮಗುಚಿ ಹಾಕಿ. ಚೈನನ್ನು ಮಾತ್ರ ಮೊದಲಿದ್ದ ದಿಕ್ಕಿನಲ್ಲೇ ಕೂರಿಸಿ. ಬಿಗಿಮಾಡಿ, ಅದೇ ದಿಮ್ಮಿಯಲ್ಲಿ ಮತ್ತೊಂದು ಕೊಯ್ತ ಹಾಕಿ.

ಬಾಗು ಮೊದಲಿನ ಕಡೆಗೇ, ಮೊದಲಿನಷ್ಟೇ ಇದ್ದರೆ ತಪ್ಪು ಚೈನಿನದು. ಬಾಗು ಎದುರು ದಿಕ್ಕಿಗೆ ತಿರುಗಿದರೆ, ಅಥವಾ ಇಲ್ಲವಾದರೆ, ತಪ್ಪು ಬಾರಿನದು. ದಿಕ್ಕು ಅದೇ ಇದ್ದು ಅಳತೆ ಮಾತ್ರ ಕಡಿಮೆಯಾದರೆ ಎರಡರಲ್ಲೂ ತಪ್ಪಿದೆ, ಹಳೆಯ ಗರಗಸಗಳಲ್ಲಿ ಹೀಗಾಗುವುದುಂಟು. ಹತ್ತು ನಿಮಿಷದ ಈ ಕೆಲಸ ಮುಂದಿನ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಚೈನಿನ ತಪ್ಪು

ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಚಾಚಿರುತ್ತದೆ. ಎಡ ಹಲ್ಲು ಕೊಯ್ತದ ಎಡಗೋಡೆಯನ್ನು, ಬಲ ಹಲ್ಲು ಬಲಗೋಡೆಯನ್ನು ಕೆತ್ತುತ್ತ ಸಾಗುತ್ತವೆ. ಈ ಜೋಡಣೆಯ ಹಿಂದೆ ಒಂದು ಹುಳುವಿದೆ. ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಒಂದು ಬೊಡ್ಡೆಯೊಳಗೆ ಮರಕೊರಕ ಜೀರುಂಡೆಯ ಮರಿಹುಳು ತನ್ನ ದವಡೆಗಳಿಂದ ಎಡಕ್ಕೂ ಬಲಕ್ಕೂ ಕಚ್ಚುತ್ತ ಗಟ್ಟಿ ಮರದೊಳಗೆ ಸಲೀಸಾಗಿ ಸುರಂಗ ಕೊರೆಯುವುದನ್ನು ಕಂಡರು. ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿ 1947ರಲ್ಲಿ ಚೈನ್ ತಯಾರಿಕೆ ಆರಂಭಿಸಿದರು. ಇಂದು ನಮ್ಮ ಕೈಯಲ್ಲಿರುವ ಚೈನ್ ಆ ಮಾದರಿಯದೇ. ಹುಳುವಿನ ಎರಡು ದವಡೆಗಳಲ್ಲಿ ಒಂದು ಸವೆದಿದ್ದರೆ ಅದರ ಸುರಂಗವೂ ಓರೆಯಾಗುತ್ತಿತ್ತು ಎಂದು ಹಲ್ಲು ಅರೆಯುವಾಗಲೆಲ್ಲ ಯೋಚಿಸುತ್ತೇನೆ.

ನಿಯಮ ಇಷ್ಟೇ: ಗರಗಸ ಚೂಪಾದ ಹಲ್ಲುಗಳ ಕಡೆಗೆ ಎಳೆಯುತ್ತದೆ. ಕೊಯ್ತ ಬಲಕ್ಕೆ ಸರಿಯುತ್ತಿದ್ದರೆ ಬಲ ಹಲ್ಲುಗಳು ಚೆನ್ನಾಗಿವೆ, ಎಡ ಹಲ್ಲುಗಳು ಮೊಂಡಾಗಿವೆ ಅಥವಾ ಗಿಡ್ಡವಾಗಿವೆ. ಇಲ್ಲಿ ಎಡ, ಬಲ ಎಂದರೆ ಗರಗಸ ಹಿಡಿದು ನಿಂತವರ ಎಡ, ಬಲ.

ಒಂದು ಬದಿ ಮಾತ್ರ ಮೊಂಡಾಗುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಕಲ್ಲು, ಮೊಳೆ, ತಂತಿ ಅಥವಾ ತೊಗಟೆಯೊಳಗೆ ಸೇರಿಕೊಂಡ ಮರಳು. ಕೊಯ್ತದ ಒಂದು ಗೋಡೆಗೆ ತಾಗಿದ ಕಲ್ಲು ಆ ಬದಿಯ ಹಲ್ಲುಗಳನ್ನಷ್ಟೇ ಕೆಡಿಸುತ್ತದೆ. ಹಲ್ಲಿನ ಮುಂದಿನ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿ. ಚೂಪಾದ ಅಂಚು ಬೆಳಕನ್ನು ಹಿಂದಕ್ಕೆ ಎರಚುವುದಿಲ್ಲ. ಅಂಚಿನಲ್ಲಿ ಬಿಳಿಗೆರೆ ಮಿನುಗಿದರೆ ಅದು ಮೊಂಡು.

ಎರಡನೆಯದು ನಮ್ಮ ಕೈ, ಮತ್ತು ನನ್ನ ಅನುಭವದಲ್ಲಿ ಇದೇ ಹೆಚ್ಚು. ಅರ ಹಿಡಿದಾಗ ಒಂದು ಬದಿಯ ಹಲ್ಲಿಗೆ ಕೈ ಸಲೀಸಾಗಿ ಓಡುತ್ತದೆ, ಇನ್ನೊಂದು ಬದಿಯಲ್ಲಿ ಮಣಿಕಟ್ಟು ತೊಡರುತ್ತದೆ. ಪ್ರತಿ ಹಲ್ಲಿಗೆ ಮೂರು ಸಲ ಎಂದು ಎಣಿಸಿ ಉಜ್ಜಿದರೂ, ಸಲೀಸಾದ ಬದಿಯ ಮೂರು ಸಲ ಹೆಚ್ಚು ಲೋಹ ತೆಗೆಯುತ್ತದೆ. ಎಂಟು ಹತ್ತು ಸಲ ಅರ ಹಾಕುವಷ್ಟರಲ್ಲಿ ಒಂದು ಬದಿಯ ಹಲ್ಲುಗಳು ಕಣ್ಣಿಗೆ ಕಾಣುವಷ್ಟು ಗಿಡ್ಡವಾಗುತ್ತವೆ. ಎಣಿಕೆಯನ್ನು ನಂಬಬೇಡಿ. ವರ್ನಿಯರ್ ಕ್ಯಾಲಿಪರ್‌ನಿಂದ ಹಲ್ಲಿನ ಮೇಲ್ತಟ್ಟೆಯ ಉದ್ದವನ್ನು ಒಂದೊಂದಾಗಿ ಅಳೆದು ಬರೆದುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಊಹೆಗೆ ಜಾಗವಿಲ್ಲದ ಕೆಲಸ.

ಸರಿಪಡಿಸುವುದು ಹೀಗೆ. ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ ಗುರುತು ಹಾಕಿ. ಉಳಿದವೆಲ್ಲ ಅದರ ಉದ್ದಕ್ಕೆ ಇಳಿಯಬೇಕು, ಎಡವೂ ಬಲವೂ. ಅರದ ದಪ್ಪ ಚೈನಿನ ಪಿಚ್ಚಿಗೆ, ಅಂದರೆ ಕೊಂಡಿಗಳ ನಡುವಿನ ಅಂತರವನ್ನು ಅಂಗುಲದಲ್ಲಿ ಹೇಳುವ ಅಳತೆಗೆ, ಹೊಂದಬೇಕು: 3/8 ಅಂಗುಲದ ತಗ್ಗು ಹಲ್ಲಿನ (ಲೋ ಪ್ರೊಫೈಲ್) ಬಗೆಗೆ 4 ಮಿ.ಮೀ., .325ಕ್ಕೆ 4.8, ಪೂರ್ಣ 3/8ಕ್ಕೆ ತಯಾರಕರು ಹೇಳಿದಂತೆ 5.2 ಅಥವಾ 5.5, .404ಕ್ಕೆ 5.5. ಉಜ್ಜುವಾಗ ಅರದ ಐದನೆಯ ಒಂದು ಭಾಗ ಹಲ್ಲಿನ ಮೇಲ್ತಟ್ಟೆಗಿಂತ ಮೇಲಿರಲಿ. ಕೋನ ಸಾಮಾನ್ಯವಾಗಿ 25ರಿಂದ 30 ಡಿಗ್ರಿ, ಎರಡೂ ಬದಿಗೆ ಒಂದೇ. ಒಳಗಿನಿಂದ ಹೊರಕ್ಕೆ ತಳ್ಳುವಾಗ ಮಾತ್ರ ಉಜ್ಜಿ, ಹಿಂದಕ್ಕೆ ಬರುವಾಗ ಅರವನ್ನು ಎತ್ತಿ. ಹಲ್ಲು 4 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ, ಅಥವಾ ಚೈನಿನ ಮೇಲಿನ ಸವೆತದ ಗುರುತು ಮುಟ್ಟಿದ್ದರೆ, ಉಜ್ಜುವ ಶ್ರಮವೇ ಬೇಡ. ಆ ಚೈನ್ ಮುಗಿಯಿತು.

ಇಷ್ಟು ಮಾಡಿಯೂ ಬಾಗು ಉಳಿಯುವುದುಂಟು. ಆಗ ಹಲ್ಲಿನ ಮುಂದಿರುವ ಪುಟ್ಟ ಗುಬಟನ್ನು, ಅಂದರೆ ರೇಕರನ್ನು, ನೋಡಬೇಕು. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕು ಎಂಬುದನ್ನು ತೀರ್ಮಾನಿಸುವುದು ಅದು. ಹಲ್ಲಿನ ಮೇಲ್ತಟ್ಟೆ ಹಿಂದಕ್ಕೆ ಇಳಿಜಾರಾಗಿರುವುದರಿಂದ, ಉಜ್ಜಿದಷ್ಟೂ ಹಲ್ಲು ಗಿಡ್ಡವಾಗುವ ಜೊತೆಗೆ ತಗ್ಗುತ್ತದೆ. ರೇಕರ್ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಬದಿಯಲ್ಲಿ ಹಲ್ಲು ಹೆಚ್ಚು ಸವೆದಿದ್ದರೆ ಆ ಬದಿ ಎಷ್ಟೇ ಚೂಪಾಗಿದ್ದರೂ ಕಚ್ಚುವುದೇ ಇಲ್ಲ, ಮರವನ್ನು ಸವರಿಕೊಂಡು ಹೋಗುತ್ತದೆ. ಬಹಳಷ್ಟು ಚೈನ್‌ಗಳಿಗೆ ಹಲ್ಲಿಗೂ ರೇಕರಿಗೂ ನಡುವಿನ ಎತ್ತರದ ವ್ಯತ್ಯಾಸ 0.65 ಮಿ.ಮೀ. ಇರಬೇಕು. ಅಳತೆ ತಟ್ಟೆಯನ್ನು ಚೈನಿನ ಮೇಲಿಟ್ಟು, ಮೇಲೆ ಉಳಿದ ಗುಬಟನ್ನು ಚಪ್ಪಟೆ ಅರದಿಂದ ಇಳಿಸಿ, ಮುಂದಿನ ಮೂಲೆಯನ್ನು ಮೊದಲಿದ್ದಂತೆ ದುಂಡಾಗಿಸಿ. ಕಣ್ಣಂದಾಜಿನಲ್ಲಿ ಇಳಿಸಬೇಡಿ. ರೇಕರ್ ಅತಿಯಾಗಿ ತಗ್ಗಿದ ಚೈನ್ ಮರವನ್ನು ಗಬಕ್ಕನೆ ಹಿಡಿಯುತ್ತದೆ, ಬಾರಿನ ಮೂತಿ ಮುಖದತ್ತ ಚಿಮ್ಮುವ ಅಪಾಯವೂ ಹೆಚ್ಚುತ್ತದೆ.

ಬಾರಿನ ತಪ್ಪು

ಚೈನಿನ ಅಡಿಕೊಂಡಿಗಳು ಬಾರಿನ ಎರಡು ಅಂಚುಗಳ ನಡುವಿನ ತೋಡಿನಲ್ಲಿ ಓಡುತ್ತವೆ. ಅಂಚುಗಳಲ್ಲಿ ಒಂದು ಹೆಚ್ಚು ಸವೆದರೆ, ಅಥವಾ ತೋಡು ಅಗಲವಾದರೆ, ಚೈನ್ ನೆಟ್ಟಗೆ ನಿಲ್ಲದೆ ವಾಲುತ್ತದೆ. ವಾಲಿದ ಚೈನ್ ವಾಲಿದ ಕಡೆಗೇ ಕೊಯ್ಯುತ್ತದೆ.

ಇದನ್ನು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಚೈನ್ ಕೂರಿಸಿದ ಬಾರಿನ ಪಕ್ಕೆಗೆ ಪಟ್ಟಿಯನ್ನು ಆನಿಸಿ, ಅದು ಒಂದು ಹಲ್ಲಿನ ಹೊರಮೈಗೂ ತಾಗುವಂತೆ ಹಿಡಿಯಿರಿ. ಹಲ್ಲು ಬಾರಿಗಿಂತ ಹೊರಗೆ ಚಾಚಿರುವುದರಿಂದ ಪಟ್ಟಿಗೂ ಬಾರಿಗೂ ನಡುವೆ ಸಣ್ಣ ಸಂದು ಕಾಣಬೇಕು. ಸಂದು ಇಲ್ಲದೆ, ಚೈನ್ ಪಕ್ಕಕ್ಕೆ ಒರಗಿ ಪಟ್ಟಿ ಬಾರಿಗೆ ಪೂರ್ತಿ ಅಂಟಿದರೆ ಅಂಚು ಸವೆದಿದೆ. ಚೈನ್ ತೆಗೆದು ಬರಿಯ ಬಾರನ್ನು ಗಾಜಿನ ಹಲಗೆಯ ಮೇಲೆ ಅಂಚು ಕೆಳಗಾಗಿ ನಿಲ್ಲಿಸಿ ಮೂಲೆಮಟ್ಟ ಹಿಡಿದರೂ ಗೊತ್ತಾಗುತ್ತದೆ: ಸವೆದ ಕಡೆಗೆ ಬಾರ್ ವಾಲುತ್ತದೆ.

ಅಂಚಿನ ಹೊರಗೆ ಚಾಚಿಕೊಂಡ ತೆಳುವಾದ ಲೋಹದ ಸಿಬಿರನ್ನು ಚಪ್ಪಟೆ ಅರದಿಂದ ಉಜ್ಜಿ ತೆಗೆಯಿರಿ. ಸವೆತ ಸ್ವಲ್ಪವಾಗಿದ್ದರೆ ಎರಡು ಅಂಚುಗಳನ್ನೂ ಒಂದೇ ಮಟ್ಟಕ್ಕೆ, ಪಕ್ಕೆಗೆ ಲಂಬವಾಗಿ ಉಜ್ಜಿ ಸಮಮಾಡಬಹುದು. ಆಮೇಲೆ ತೋಡಿನ ಆಳವನ್ನು ಅಳೆಯಿರಿ. .325 ಮತ್ತು ಪೂರ್ಣ 3/8 ಚೈನಿಗೆ 6 ಮಿ.ಮೀ., ತಗ್ಗು ಹಲ್ಲಿನ 3/8ಕ್ಕೆ 5 ಮಿ.ಮೀ. ಆಳವಾದರೂ ಉಳಿದಿರಬೇಕು. ಕಡಿಮೆಯಾದರೆ ಅಡಿಕೊಂಡಿ ತೋಡಿನ ತಳಕ್ಕೆ ತಾಗಿ ಚೈನ್ ಮೇಲೆದ್ದು ಓಡುತ್ತದೆ. ಆ ಬಾರನ್ನು ಬದಲಿಸಿ.

ಅಂಚು ಸಮವಾಗಿದ್ದೂ ಚೈನ್ ವಾಲುತ್ತಿದ್ದರೆ ಚೈನಿನ ಮತ್ತು ಬಾರಿನ ಮೇಲೆ ಕೊರೆದಿರುವ ಅಂಕಿಗಳನ್ನು ಓದಿ. ಅಡಿಕೊಂಡಿಯ ದಪ್ಪ 1.1, 1.3, 1.5, 1.6 ಮಿ.ಮೀ. ಎಂದು ಬೇರೆ ಬೇರೆ ಇರುತ್ತದೆ. 1.5ರ ತೋಡಿಗೆ 1.3ರ ಚೈನ್ ಆರಾಮವಾಗಿ ಕೂರುತ್ತದೆ, ಓಡುತ್ತದೆ, ಯಾವ ಸದ್ದನ್ನೂ ಮಾಡುವುದಿಲ್ಲ, ಓರೆಯಾಗಿ ಕೊಯ್ಯುತ್ತದೆ. ಚೈನನ್ನೂ ಬಾರನ್ನೂ ಬೇರೆ ಬೇರೆ ಸಮಯದಲ್ಲಿ ಕೊಂಡವರು ಇದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು.

ಬಗ್ಗಿದ ಬಾರ್ ಅಂಚಿನುದ್ದಕ್ಕೆ ಕಣ್ಣು ಹಾಯಿಸಿದರೆ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಅದು ಮರದಲ್ಲಿ ಸಿಕ್ಕಿಕೊಂಡಾಗ ಎಳೆದಾಡಿದ್ದರ ಫಲ. ಸಿಕ್ಕಿಕೊಂಡ ಬಾರನ್ನು ಬೆಣೆ ಹೊಡೆದು ಬಿಡಿಸಬೇಕು, ಸನಿಕೆಯಂತೆ ಮೀಟಬಾರದು.

ಬಾರ್ ಏಕೆ ಸವೆಯಿತು ಎಂದು ಕೇಳದೆ ಹೊಸದನ್ನು ಹಾಕಿದರೆ ಅದೂ ಸವೆಯುತ್ತದೆ. ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ದದ್ದು ಒಂದು ಕಾರಣ, ಎಣ್ಣೆ ಇಳಿಯದಿರುವುದು ಇನ್ನೊಂದು. ಬಾರಿನ ಮೂತಿಯನ್ನು ತಿಳಿಬಣ್ಣದ ಹಲಗೆಯ ಎದುರು, ತಾಗದಂತೆ ಹಿಡಿದು ಎಂಜಿನ್ನಿಗೆ ವೇಗ ಕೊಡಿ. ಕೆಲವು ಕ್ಷಣಗಳಲ್ಲಿ ಹಲಗೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಬುಡದ ಎಣ್ಣೆತೂತಿನಲ್ಲಿ ಮರದ ಹುಡಿ ಮೆತ್ತಿಕೊಂಡಿರುತ್ತದೆ. ತಂತಿಯಿಂದ ತೆಗೆದು, ತೋಡನ್ನೂ ಕೆರೆದು ಸ್ವಚ್ಛಮಾಡಿ. ಇನ್ನು ಮುಂದೆ ಪ್ರತಿ ಸಲ ಚೈನ್ ಅರೆಯುವಾಗ ಬಾರನ್ನು ಮಗುಚಿ ಹಾಕಿದರೆ ಎರಡೂ ಅಂಚುಗಳು ಸಮನಾಗಿ ಸವೆಯುತ್ತವೆ.

ಎರಡೂ ಸರಿಯಿದ್ದರೆ

ಬಾರಿನ ನಟ್ಟುಗಳು ಸಡಿಲವೇ ನೋಡಿ. ಚೈನಿನ ಬಿಗಿತ ನೋಡಿ: ಕೈಯಿಂದ ಎಳೆದರೆ ಸರಾಗವಾಗಿ ಓಡಬೇಕು, ಆದರೆ ಬಾರಿನ ಅಡಿಯಲ್ಲಿ ಜೋತುಬೀಳಬಾರದು. ಚೈನನ್ನು ಓಡಿಸುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳಲ್ಲಿ ಅರ್ಧ ಮಿ.ಮೀ. ಆಳದ ಗುಳಿ ಬಿದ್ದಿದ್ದರೆ ಬದಲಿಸಿ. ಓರೆ ಕೊಯ್ತಕ್ಕೆ ಅದು ನೇರ ಕಾರಣವಲ್ಲದಿದ್ದರೂ ಹೊಸ ಚೈನನ್ನು ಬೇಗ ಕೆಡಿಸುತ್ತದೆ. ಆಮೇಲೆ ಗರಗಸವನ್ನು ಇನ್ನೊಬ್ಬ ಅನುಭವಿಯ ಕೈಗೆ ಕೊಟ್ಟು ಒಂದು ಕೊಯ್ತ ಹಾಕಿಸಿ. ಅವರ ಕೈಯಲ್ಲಿ ನೇರವಾಗಿ ಹೋದರೆ ನಿಮ್ಮ ಮುಂಗೈ ಅರಿವಿಲ್ಲದೆ ಹಿಡಿಕೆಯನ್ನು ತಿರುಚುತ್ತಿದೆ. ಓರೆ ಗರಗಸವನ್ನು ತಿಂಗಳುಗಟ್ಟಲೆ ತಿರುಚಿ ನಡೆಸಿದವರಿಗೆ, ದುರಸ್ತಿಯಾದ ಮೇಲೂ ಆ ಅಭ್ಯಾಸ ಉಳಿದಿರುತ್ತದೆ.

ಮರದಲ್ಲಿರುವಾಗಲೇ ಬಾಗು ಕಂಡರೆ

ಕಚ್ಚು ಹೊಡೆಯುವಾಗ ಕಂಡರೆ ಅಲ್ಲೇ ನಿಲ್ಲಿಸಿ. ತುಂಡು ಉದುರದ ಬದಿಯನ್ನು ಇನ್ನಷ್ಟು ಒಳಕ್ಕೆ ಒತ್ತಬೇಡಿ, ನಾನು ಮಾಡಿದ ತಪ್ಪು ಅದೇ. ಚೂಪಾದ ಬದಲಿ ಚೈನ್ ಹಾಕಿ ಎರಡೂ ಕೊಯ್ತಗಳನ್ನು ಒಂದೇ ಗೆರೆಗೆ ತಂದು, ಕಚ್ಚನ್ನು ಸ್ವಚ್ಛಗೊಳಿಸಿ. ಎದುರಿನ ಬದಿಗೆ ನಡೆದುಹೋಗಿ ಕಣ್ಣಾರೆ ನೋಡಿ.

ಹಿಂದಿನ ಕೊಯ್ತದಲ್ಲಿ ಕಂಡರೆ ವಿಷಯ ಬೇರೆ. ಅರ್ಧ ಕೊಯ್ದ ಮರವನ್ನು ಬಿಟ್ಟು ಹೋಗುವಂತಿಲ್ಲ, ಒಂದು ಗಾಳಿಗೆ ಅದು ಯಾವ ಕಡೆಗಾದರೂ ಬಿದ್ದೀತು. ಕೊಯ್ತದಲ್ಲಿ ಜಾಗವಿದ್ದರೆ ಬೆಣೆ ಸೇರಿಸಿ, ಬಾರನ್ನು ಹೊರತೆಗೆಯಿರಿ. ಯಾರನ್ನೂ ಹತ್ತಿರ ಬಿಡದೆ ಬದಲಿ ಗರಗಸ ತರಿಸಿಕೊಳ್ಳಿ. ತಪ್ಪಿದ ಕೊಯ್ತವನ್ನೇ ತಿದ್ದಲು ಹೋಗದೆ, ಸರಿಯಾದ ಎತ್ತರದಲ್ಲಿ ಹೊಸ ಕೊಯ್ತ ಆರಂಭಿಸಿ. ಕೀಲಿನ ಎರಡೂ ತುದಿಗಳು ಕಣ್ಣಿಗೆ ಕಾಣುತ್ತಿರಲಿ. ಇದು ಹೊಸಬರ ಕೆಲಸವಲ್ಲ, ತಂಡದಲ್ಲಿ ಹೆಚ್ಚು ಅನುಭವವಿರುವವರು ಗರಗಸ ಹಿಡಿಯಲಿ. ಬದಲಿ ಗರಗಸವಾಗಲಿ ಅರೆದಿಟ್ಟ ಬದಲಿ ಚೈನಾಗಲಿ ಇಲ್ಲದೆ ಮರದ ಬುಡಕ್ಕೆ ಹೋಗುವುದನ್ನು ನಾನು ಬಿಟ್ಟಿರುವುದು ಈ ಒಂದು ಸಂದರ್ಭಕ್ಕಾಗಿಯೇ.